ಒಂದು ಗಿಟಾರು, ಆರು ಊರು

ಮುಂಬೈಯ ಬಾಂದ್ರಾದಲ್ಲಿರುವ ಮೆಹಬೂಬ್ ಸ್ಟುಡಿಯೊ ಸಿನಿಮಾದವರ ಜಾಗ. ‘ಮದರ್ ಇಂಡಿಯಾ’ದ ಮೆಹಬೂಬ್ ಖಾನ್ 1954ರಲ್ಲಿ ಕಟ್ಟಿಸಿದ್ದು. 2015ರ ಮಾರ್ಚ್ 1ರ ಸಂಜೆ ಅಲ್ಲಿ ಇಪ್ಪತ್ತನಾಲ್ಕು ವರ್ಷದ, ಕೆಂಪು ಕೂದಲಿನ ಇಂಗ್ಲಿಷ್ ಹುಡುಗನೊಬ್ಬ ಗಿಟಾರು ಹಿಡಿದು ಹಾಡಿ ಹೋದ. ಹೆಸರು ಎಡ್ ಶೀರನ್. ಭಾರತದಲ್ಲಿ ಅವನ ಮೊದಲ ಕಛೇರಿ ಅದು, ಒಂದು ಸ್ಟುಡಿಯೊದ ಒಳಗೆ ಹಿಡಿಸುವಷ್ಟೇ ಜನ. 2017ರ ನವೆಂಬರಿನಲ್ಲಿ ಮತ್ತೆ ಬಂದಾಗ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಜಿಯೊ ಗಾರ್ಡನ್ ಮೈದಾನ ಬೇಕಾಯಿತು. 2024ರ ಮಾರ್ಚಿನಲ್ಲಿ ಮಹಾಲಕ್ಷ್ಮಿ ರೇಸ್‌ಕೋರ್ಸು. ಮರುವರ್ಷ ಬಂದಾಗ ಪಟ್ಟಿಯಲ್ಲಿ ಮುಂಬೈ ಹೆಸರೇ ಇರಲಿಲ್ಲ. ಬದಲಿಗೆ ಪುಣೆ, ಹೈದರಾಬಾದ್, ಚೆನ್ನೈ, ಬೆಂಗಳೂರು, ಶಿಲ್ಲಾಂಗ್, ದೆಹಲಿ ಮಗ್ಗುಲಿನ ಗುರುಗ್ರಾಮ. ಜನವರಿ 30ರಿಂದ ಫೆಬ್ರವರಿ 15ರೊಳಗೆ ಆರು ಊರು, ಏಳು ಕಛೇರಿ.

ಅದೇ ಜನವರಿಯಲ್ಲಿ ಕೋಲ್ಡ್‌ಪ್ಲೇ ತಂಡವೂ ಭಾರತದಲ್ಲಿತ್ತು. ನವಿ ಮುಂಬೈಯ ಡಿ.ವೈ. ಪಾಟೀಲ್ ಸ್ಟೇಡಿಯಮ್ಮಿನಲ್ಲಿ ಮೂರು ದಿನ, ಅಹಮದಾಬಾದಿನ ಮೊಟೇರಾದಲ್ಲಿ ಎರಡು ದಿನ. ಬೆಂಗಳೂರಿನವರು, ಹೈದರಾಬಾದಿನವರು ರಜೆ ಹಾಕಿ, ವಿಮಾನ ಹತ್ತಿ, ಹೋಟೆಲಿಗೆ ಕೇಳಿದಷ್ಟು ಕೊಟ್ಟು ಅಹಮದಾಬಾದಿಗೆ ಹೋದರು. ಜನ ತನ್ನಲ್ಲಿಗೆ ಬರಲಿ ಎನ್ನುವ ಪ್ರವಾಸ ಅದು. ಜನ ಇದ್ದಲ್ಲಿಗೆ ತಾನೇ ಹೋಗುವ ಪ್ರವಾಸ ಶೀರನ್‌ನದು. ವಿದೇಶಿ ಗಾಯಕರು ಒಂದೇ ಊರಿನಲ್ಲಿ ಇಳಿದು, ಹಾಡಿ, ಅದೇ ರಾತ್ರಿ ಹಾರಿಹೋಗುವುದನ್ನೇ ಹೆಚ್ಚಾಗಿ ನೋಡಿದ್ದ ಈ ದೇಶಕ್ಕೆ ಇದು ಅಪರೂಪ. ನಾಟಕ ಕಂಪನಿಗಳು ಊರಿಂದ ಊರಿಗೆ ಕ್ಯಾಂಪು ಹಾಕುತ್ತಿದ್ದ ಕಾಲವನ್ನು ಕಂಡ ಹಿರಿಯರಿಗೆ ಮಾತ್ರ ಅಪರೂಪವೆನಿಸಿರಲಿಕ್ಕಿಲ್ಲ.

ಹೀಗೆ ಸುತ್ತುವುದು ಅವನಿಗೆ ಸಾಧ್ಯವಾದದ್ದು ಹೇಗೆ ಎಂದು ತಿಳಿಯಬೇಕಾದರೆ ಅವನ ಕಾಲಬುಡ ನೋಡಬೇಕು. ಅಲ್ಲೊಂದು ಲೂಪ್ ಪೆಡಲ್ ಇರುತ್ತದೆ. ಮೊದಲು ಗಿಟಾರಿನ ಮೈಯನ್ನು ಅಂಗೈಯಲ್ಲಿ ತಟ್ಟುತ್ತಾನೆ. ಒಂದು ಆವರ್ತ ಮುಗಿಯುವುದಕ್ಕೆ ಸರಿಯಾಗಿ ಕಾಲಿನಿಂದ ಗುಂಡಿ ಒತ್ತುತ್ತಾನೆ. ಆ ತಟ್ಟು ತನ್ನಷ್ಟಕ್ಕೆ ತಾನು ಸುತ್ತತೊಡಗುತ್ತದೆ, ಡ್ರಮ್ಮಿನ ಕೆಲಸ ಮುಗಿಯಿತು. ಅದರ ಮೇಲೆ ತಂತಿಗಳನ್ನು ಮೀಟಿ ಇನ್ನೊಂದು ಪದರ. ಅದರ ಮೇಲೆ ಒಂದು ಗುನುಗು, ಮತ್ತೆ ಅದಕ್ಕೆ ಮೇಲಿನ ಸ್ಥಾಯಿಯ ಜೊತೆಗೂಡಿಕೆ. ಎರಡು ನಿಮಿಷದಲ್ಲಿ ಒಬ್ಬನ ಬೆನ್ನ ಹಿಂದೆ ಒಂದು ವಾದ್ಯಮೇಳ, ಒಂದು ಗಾಯಕವೃಂದ ಎದ್ದು ನಿಂತಿರುತ್ತದೆ. ಹಾಡು ಮುಗಿಯಿತೋ, ಎಲ್ಲ ಅಳಿಸಿಹೋಗುತ್ತದೆ. ಮುಂದಿನದಕ್ಕೆ ಮತ್ತೆ ಮೊದಲಿನಿಂದ. ಮೊದಲೇ ರೆಕಾರ್ಡ್ ಮಾಡಿಟ್ಟುಕೊಂಡದ್ದು ಇಲ್ಲಿ ನಡೆಯುವುದಿಲ್ಲ. ಅಪಾಯವೂ ಅಲ್ಲೇ ಇದೆ. ಒಂದು ತಟ್ಟು ಅರ್ಧ ಅಕ್ಷರಕಾಲ ಜಾರಿದರೆ ಆ ಜಾರಿಕೆ ಹಾಡಿನುದ್ದಕ್ಕೂ ಸುತ್ತಿ ಸುತ್ತಿ ಬರುತ್ತದೆ, ಹಾಡಿದವನ ಮಾನ ತೆಗೆಯುತ್ತಲೇ ಇರುತ್ತದೆ.

ಈ ವಿದ್ಯೆ ಅವನ ಕಣ್ಣಿಗೆ ಬಿದ್ದದ್ದು ಐರ್ಲೆಂಡಿನ ಗ್ಯಾರಿ ಡನ್ ಎಂಬ ಗಾಯಕನಿಂದ. ಶೀರನ್ ಬೆಳೆದದ್ದು ಪೂರ್ವ ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಫ್ರಾಮ್ಲಿಂಗ್ಹಮ್‌ನಲ್ಲಿ. ಹಳೆಯ ಕೋಟೆಯೊಂದು ಬಿಟ್ಟರೆ ಪ್ರವಾಸಿಗರು ಹುಡುಕಿಕೊಂಡು ಹೋಗುವಂಥದ್ದೇನೂ ಇಲ್ಲದ ಪುಟ್ಟ ಪೇಟೆ. ಹದಿಹರೆಯದಲ್ಲೇ ಲಂಡನ್ ಸೇರಿ ಪಬ್ಬು, ಬಾರು, ಬೀದಿಬದಿ ಎನ್ನದೆ ಹಾಡಿದ. 2009ರ ಒಂದೇ ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ಕಡೆ ಹಾಡಿದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಮಲಗಲು ಜಾಗವಿಲ್ಲದ ರಾತ್ರಿಗಳನ್ನು ಸರ್ಕಲ್ ಲೈನ್ ರೈಲಿನಲ್ಲಿ ಕಳೆದದ್ದನ್ನೂ ಹೇಳಿದ್ದಾನೆ. ವಾದ್ಯದವರಿಗೆ ಕೊಡಲು ಕಾಸಿಲ್ಲದವನಿಗೆ ಲೂಪ್ ಪೆಡಲ್ ಒಂದು ಉಪಾಯವಾಗಿ ಒದಗಿತು. ಕಾಸು ಬಂದ ಮೇಲೂ ಅವನು ಅದನ್ನು ಬಿಡಲಿಲ್ಲ ಎನ್ನುವುದೇ ವಿಶೇಷ. 2015ರ ಜುಲೈಯಲ್ಲಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಮ್ಮಿನಲ್ಲಿ ಮೂರು ರಾತ್ರಿ, ರಾತ್ರಿಗೆ ಸುಮಾರು 80,000 ಜನರ ಮುಂದೆ, ಗಿಟಾರು ಮತ್ತು ಪೆಡಲ್ ಇಟ್ಟುಕೊಂಡು ಒಬ್ಬನೇ ನಿಂತ.

ಆಮೇಲಿನದು ಲೆಕ್ಕದ ಕಥೆ. ಭಾಗಾಕಾರದ ಚಿಹ್ನೆಯನ್ನೇ ಹೆಸರಾಗಿಸಿಕೊಂಡ ‘ಡಿವೈಡ್’ ಪ್ರವಾಸ 2017ರ ಮಾರ್ಚ್ 16ರಂದು ಇಟಲಿಯ ಟ್ಯೂರಿನ್ ನಗರದ ಒಳಾಂಗಣ ಅರೀನಾದಲ್ಲಿ ಶುರುವಾಯಿತು. ಮೊದಲ ವರ್ಷ ಹೆಚ್ಚಾಗಿ ಅರೀನಾಗಳು, ಮರುವರ್ಷದಿಂದ ಸ್ಟೇಡಿಯಮ್ಮುಗಳು. 2019ರ ಆಗಸ್ಟ್ 26ರಂದು ತವರು ಪ್ರಾಂತ್ಯದ ಇಪ್ಸ್‌ವಿಚ್‌ನ ಚಾಂಟ್ರಿ ಪಾರ್ಕಿನಲ್ಲಿ ಮುಗಿಯುವಷ್ಟರಲ್ಲಿ 250ಕ್ಕೂ ಹೆಚ್ಚು ಕಛೇರಿ, ಸುಮಾರು 89 ಲಕ್ಷ ಪ್ರೇಕ್ಷಕರು, 77 ಕೋಟಿ ಡಾಲರಿಗೂ ಮೀರಿದ ಗಳಿಕೆ. ಅದುವರೆಗೆ ದಾಖಲೆ ಯು2 ತಂಡದ ಹೆಸರಿನಲ್ಲಿತ್ತು. 2009ರಿಂದ 2011ರವರೆಗಿನ ಅವರ ಪ್ರವಾಸಕ್ಕೆ ಏಡಿಯಂಥ ನಾಲ್ಕು ಕಾಲಿನ ಉಕ್ಕಿನ ವೇದಿಕೆ ಬೇಕಿತ್ತು. ಒಂದು ಊರಿನಲ್ಲಿ ಕಛೇರಿ ನಡೆಯುತ್ತಿರುವಾಗ ಮುಂದಿನ ಊರಿನಲ್ಲಿ ಕಟ್ಟುತ್ತಿರಬೇಕೆಂದು ಅಂಥ ಮೂರು ಉಕ್ಕಿನ ಹಂದರಗಳನ್ನೇ ಮಾಡಿಸಿದ್ದರು. ಆ ದಾಖಲೆ ಮುರಿದದ್ದು ಒಂಟಿ ಗಿಟಾರು.

ಆ ಮೊತ್ತವನ್ನು ತಲೆಗಳಿಂದ ಭಾಗಿಸಿ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಯು2ಗೆ ಒಬ್ಬ ಪ್ರೇಕ್ಷಕನಿಂದ ಬಂದದ್ದು ಸರಾಸರಿ ನೂರು ಡಾಲರ್, ಶೀರನ್‌ಗೆ ತೊಂಬತ್ತರೊಳಗೆ. ಇತ್ತೀಚಿನ ಟೇಲರ್ ಸ್ವಿಫ್ಟ್ ಪ್ರವಾಸ 149 ಕಛೇರಿಗಳಲ್ಲಿ 200 ಕೋಟಿ ಡಾಲರ್ ದಾಟಿತು, ನೋಡಿದವರು ಒಂದು ಕೋಟಿ ಚಿಲ್ಲರೆ. ಅಂದರೆ ತಲೆಗೆ ಇನ್ನೂರು ಡಾಲರ್. ಶೀರನ್ ದಾಖಲೆ ಮಾಡಿದ್ದು ದುಬಾರಿ ಟಿಕೆಟ್ಟಿನಿಂದಲ್ಲ, ಹೆಚ್ಚು ದಿನ ಹಾಡಿದ್ದರಿಂದ. ಬ್ಲ್ಯಾಕ್ ಟಿಕೆಟ್ಟಿನ ವಿರುದ್ಧ ಅವನ ಕಡೆಯವರು ಹಠ ಹಿಡಿದದ್ದೂ ಆಗಲೇ. 2018ರ ಬ್ರಿಟನ್ ಕಛೇರಿಗಳಲ್ಲಿ ಮರುಮಾರಾಟದ ತಾಣಗಳಿಂದ ಕೊಂಡ ಸುಮಾರು ಹತ್ತು ಸಾವಿರ ಟಿಕೆಟ್ಟುಗಳನ್ನು ರದ್ದು ಮಾಡಿ, ಬಾಗಿಲಲ್ಲಿ ಗುರುತಿನ ಚೀಟಿ ಕೇಳಿದರು. ಬಾಗಿಲಲ್ಲಿ ಕಣ್ಣೀರು ಹಾಕಿದವರೂ ಇದ್ದಿರಬೇಕು. ಆದರೂ ಈ ಒಂದು ವಿಷಯದಲ್ಲಿ ಅವನ ತಂಡ ಮಾತು ಬಿಟ್ಟು ಕೆಲಸ ಮಾಡಿತು ಎನ್ನಬೇಕು.

ಒಂಟಿ ಮೇಳದ ದೌರ್ಬಲ್ಯ ಏನೆಂದು ಗೊತ್ತಾದದ್ದು 2017ರ ಅಕ್ಟೋಬರಿನಲ್ಲಿ. ಲಂಡನ್ನಿನಲ್ಲಿ ಸೈಕಲ್ ಹೊಡೆಯುತ್ತಿದ್ದವನಿಗೆ ಕಾರು ತಾಗಿ ಬಲ ಮಣಿಕಟ್ಟು, ಎಡ ಮೊಣಕೈ ಎರಡೂ ಮುರಿದವು. ಬೇರೆ ತಂಡವಾಗಿದ್ದರೆ ಗಿಟಾರಿನವನಿಗೆ ಬದಲಿಯನ್ನು ಹುಡುಕಿ ನಡೆಸಬಹುದಿತ್ತು. ಇಲ್ಲಿ ಕೈ ಮುರಿದರೆ ಗಿಟಾರು, ಡ್ರಮ್ಮು, ಕೋರಸ್ಸು ಎಲ್ಲಕ್ಕೂ ಒಟ್ಟಿಗೇ ಪಟ್ಟಿ ಕಟ್ಟಿದಂತೆ. ಏಷ್ಯಾದ ಹಲವು ಕಛೇರಿ ರದ್ದಾದವು. ಮುಂಬೈಯ ದಿನಾಂಕ ನವೆಂಬರ್ 19 ಆಗಿದ್ದರಿಂದ ನಮ್ಮವರಿಗೆ ಅದೃಷ್ಟ ಒಲಿಯಿತು.

ಭಾರತದ ಆರು ಊರುಗಳಿಗೆ ಬಂದ ಪ್ರವಾಸ ‘ಡಿವೈಡ್’ನ ಮುಂದಿನದು. ಐದು ಆಲ್ಬಮ್ಮುಗಳಿಗೆ ಕೂಡು, ಗುಣಿಸು, ಭಾಗಿಸು, ಸಮ, ಕಳೆ ಎಂಬ ಚಿಹ್ನೆಗಳನ್ನೇ ಹೆಸರಿಟ್ಟವನು ಪ್ರವಾಸಕ್ಕೆ ‘ಮ್ಯಾಥಮ್ಯಾಟಿಕ್ಸ್’ ಎಂದ. 2022ರ ಏಪ್ರಿಲ್ 23ರಂದು ಡಬ್ಲಿನ್ನಿನ ಕ್ರೋಕ್ ಪಾರ್ಕಿನಿಂದ ಹೊರಟಿತು. ಯೂರೋಪು, ಆಸ್ಟ್ರೇಲಿಯಾ, ಅಮೆರಿಕದ ಸ್ಟೇಡಿಯಮ್ಮುಗಳಲ್ಲಿ ವೇದಿಕೆ ಮೈದಾನದ ಒಂದು ಬದಿಗಲ್ಲ, ನಟ್ಟನಡುವೆ. ಸುತ್ತಲೂ ಜನ, ತಿರುಗುವ ನೆಲ. ಹಾಡುಗಾರ ನಡೆಯುತ್ತಿದ್ದರೂ ನಿಂತಿದ್ದರೂ ಎಲ್ಲ ದಿಕ್ಕಿನವರಿಗೂ ಸರದಿಯ ಮೇಲೆ ಮುಖ ಸಿಗುತ್ತದೆ. ಕೆಲವು ಹಾಡಿಗೆ ವಾದ್ಯದವರೂ ಬಂದು ಸೇರುತ್ತಿದ್ದರು, ಉಳಿದದ್ದಕ್ಕೆ ಅದೇ ಪೆಡಲ್. 2023ರ ಮಾರ್ಚಿನಲ್ಲಿ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಎರಡು ರಾತ್ರಿಯೂ ಲಕ್ಷ ಮೀರಿ ಜನ ಸೇರಿದರು. ಬಾಕ್ಸಿಂಗ್ ಡೇ ಟೆಸ್ಟಿಗೂ ಅಷ್ಟು ಜನ ಬಂದದ್ದಿಲ್ಲ.

ಭಾರತದ ಬಾಗಿಲಿಗೆ ಬರುವ ಮೊದಲು ಅವನು ಭೂತಾನಿಗೆ ಹೋದ. ಎಂಟು ಲಕ್ಷವೂ ಇಲ್ಲದ ಜನಸಂಖ್ಯೆ, 1999ರವರೆಗೆ ಟಿ.ವಿ. ಕಾಣದ ದೇಶ, ಟ್ರಾಫಿಕ್ ದೀಪವಿಲ್ಲದೆ ಪೊಲೀಸಿನವನು ಬಿಳಿ ಕೈಗವಸು ತೊಟ್ಟು ವಾಹನ ಬಿಡುವ ರಾಜಧಾನಿ. ವ್ಯಾಪಾರದ ಕಣ್ಣಿನಿಂದ ನೋಡಿದರೆ ಇಂಥ ಊರಿಗೆ ಯಾರೂ ಕಛೇರಿ ಒಯ್ಯುವುದಿಲ್ಲ. 2025ರ ಜನವರಿ 24ರಂದು ಥಿಂಪುವಿನ ಚಾಂಗ್ಲಿಮಿಥಾಂಗ್ ಸ್ಟೇಡಿಯಮ್ಮಿನಲ್ಲಿ ಹಾಡಿದ. 1885ರ ಯುದ್ಧಭೂಮಿಯ ಮೇಲೆ, 1974ರಲ್ಲಿ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ ದೊರೆಯ ಪಟ್ಟಾಭಿಷೇಕಕ್ಕಾಗಿ ಎದ್ದ ಸ್ಟೇಡಿಯಂ ಅದು. ಪಕ್ಕದಲ್ಲೇ ಬಿಲ್ವಿದ್ಯೆಯ ಅಂಗಳ. ಇಷ್ಟು ದೊಡ್ಡ ಹೆಸರಿನ ಪಾಶ್ಚಾತ್ಯ ಗಾಯಕ ಆ ದೇಶದಲ್ಲಿ ಹಾಡಿದ್ದು ಅದೇ ಮೊದಲೆಂದು ಪತ್ರಿಕೆಗಳು ಬರೆದವು. ಪಾರೊ ಕಣಿವೆಗೆ ವಿಮಾನ ಇಳಿಸುವುದಕ್ಕೇ ವಿಶೇಷ ತರಬೇತಿಯ ಪೈಲಟ್ಟುಗಳು ಬೇಕು. ನೂರಾರು ಲಾರಿಗಳ ಕಛೇರಿ ಅಲ್ಲಿಗೆ ಹೋಗುವ ಮಾತೇ ಇಲ್ಲ. ಪೆಡಲ್ ಇದ್ದವನು ಹೋಗಬಹುದು.

ಪುಣೆಯ ಯಶ್ ಲಾನ್ಸ್, ಹೈದರಾಬಾದಿನ ರಾಮೋಜಿ ಫಿಲಂ ಸಿಟಿ ಆದವು. ಫೆಬ್ರವರಿ 5ರಂದು ಚೆನ್ನೈ, ನಂದನಂನ ವೈಎಂಸಿಎ ಮೈದಾನ. ಅಲ್ಲಿ ಎ.ಆರ್. ರೆಹಮಾನ್ ವೇದಿಕೆಗೆ ಬಂದು ‘ಕಾದಲನ್’ ಚಿತ್ರದ ‘ಊರ್ವಶಿ’ಯನ್ನು ಶೀರನ್‌ನ ‘ಶೇಪ್ ಆಫ್ ಯೂ’ ಜೊತೆ ಹೊಸೆದರು. 1994ರ ತಮಿಳು ಹಾಡು, 2017ರ ಇಂಗ್ಲಿಷ್ ಹಾಡು ಒಂದೇ ತಾಳದ ಮೇಲೆ ಕೂತವು. ನೆರೆದವರಲ್ಲಿ ಒಂದು ತಲೆಮಾರು ಮೊದಲನೆಯದಕ್ಕೆ ಕುಣಿದು ಬೆಳೆದದ್ದು, ಇನ್ನೊಂದು ಎರಡನೆಯದಕ್ಕೆ. ಹಿಂದಿನ ವರ್ಷ ಮುಂಬೈಯಲ್ಲಿ ದಿಲ್ಜಿತ್ ದೋಸಾಂಜ್ ಜೊತೆ ಪಂಜಾಬಿಯಲ್ಲಿ ಹಾಡಿದ್ದನಲ್ಲ, ಆಗಲೇ ಈ ರೂಢಿಗೆ ದಾರಿಯಾಗಿತ್ತು: ಊರಿಗೊಬ್ಬ ಅತಿಥಿ, ಅತಿಥಿಯ ಭಾಷೆಯಲ್ಲೊಂದು ಹಾಡು. ಎಲ್ಲ ಊರಿನಲ್ಲೂ ಅದದೇ ಹಾಡಿನ ಪಟ್ಟಿ, ಅದದೇ ಪರದೆ ಇರುವ ಪ್ರವಾಸದಲ್ಲಿ ಒಂದು ಊರು ಇನ್ನೊಂದರಂತಲ್ಲ ಎಂದು ತೋರಿಸಿಕೊಡುವುದು ಆ ಐದು ನಿಮಿಷ.

ಬೆಂಗಳೂರಿಗೆ ಮಾತ್ರ ಎರಡು ದಿನ ಸಿಕ್ಕಿತು, ಫೆಬ್ರವರಿ 8 ಮತ್ತು 9. ಈ ಊರಿನ ದೊಡ್ಡ ಕಛೇರಿಗಳೆಂದರೆ ಒಂದು ಕಾಲಕ್ಕೆ ಅರಮನೆ ಮೈದಾನ. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ಮೇಖ್ರಿ ಸರ್ಕಲ್ಲಿನ ವಾಹನ ಸಾಲಿನಲ್ಲಿ ಸಿಕ್ಕಿಕೊಂಡೇ ಅಲ್ಲಿನ ಹಾಡಿನ ಸದ್ದು ಕೇಳಿದವರೂ ಇದ್ದಾರೆ. ಶೀರನ್ ಹಾಡಿದ್ದು ಅಲ್ಲಿಂದ ಬಹುದೂರ, ತುಮಕೂರು ರಸ್ತೆಯ ಮಾದಾವರದ ನೈಸ್ ಮೈದಾನದಲ್ಲಿ. ನಾಗಸಂದ್ರದಲ್ಲಿ ನಿಲ್ಲುತ್ತಿದ್ದ ಹಸಿರು ಮಾರ್ಗದ ಮೆಟ್ರೊ ಮಾದಾವರಕ್ಕೆ ಬಂದು ಮೂರು ತಿಂಗಳಷ್ಟೇ ಆಗಿತ್ತು. ಆ ಮೂರು ಕಿಲೋಮೀಟರ್ ಹಳಿ ಹಾಕಲು ತೆಗೆದುಕೊಂಡ ವರ್ಷಗಳನ್ನು ನೆನೆದರೆ ಶೀರನ್ ಸರಿಯಾದ ಹೊತ್ತಿಗೇ ಬಂದ.

ಎರಡನೆಯ ದಿನದ ಬೆಳಿಗ್ಗೆ ನಡೆದದ್ದು ದೇಶಕ್ಕೆಲ್ಲ ಗೊತ್ತು. ಭಾನುವಾರ, ಚರ್ಚ್ ಸ್ಟ್ರೀಟ್. ಕಲ್ಲು ಹಾಸಿದ ಆ ಬೀದಿ ಬ್ಲಾಸಂ, ಬುಕ್‌ವರ್ಮ್ ಪುಸ್ತಕದಂಗಡಿಗಳ ಬೀದಿ. 2020ರಲ್ಲಿ ವಾರಾಂತ್ಯಕ್ಕೆ ವಾಹನ ನಿಲ್ಲಿಸಿ ನಡೆಯುವವರಿಗೇ ಬಿಟ್ಟುಕೊಟ್ಟು ನೋಡಿದ ಬೀದಿ. ಬಿಳಿ ಟೀ ಶರ್ಟಿನ ಶೀರನ್ ಬೀದಿಬದಿಯಲ್ಲಿ ಮೈಕು ನಿಲ್ಲಿಸಿಕೊಂಡು ಹಾಡತೊಡಗಿದ. ಮುಂದೆ ಬ್ಯಾರಿಕೇಡಿಲ್ಲ, ಟಿಕೆಟ್ಟಿಲ್ಲ. ಹಾದಿಹೋಕರು ಮೊಬೈಲು ಎತ್ತಿದರು. ‘ಶೇಪ್ ಆಫ್ ಯೂ’ ನಡೆದಿತ್ತು. ಖಾಕಿ ತೊಟ್ಟ ಪೊಲೀಸರೊಬ್ಬರು ಬಂದವರೇ ಬಗ್ಗಿ ವೈರು ಕಿತ್ತರು. ಹಾಡು ನಿಂತಿತು. ಅನುಮತಿ ಇತ್ತು ಎಂದು ಶೀರನ್ ಇನ್‌ಸ್ಟಾಗ್ರಾಮಿನಲ್ಲಿ ಹೇಳಿದ. ಅನುಮತಿ ಕೇಳಿದ್ದು ನಿಜ, ಚರ್ಚ್ ಸ್ಟ್ರೀಟಿನಲ್ಲಿ ಜನಸಂದಣಿ ಹೆಚ್ಚೆಂದು ಕೊಟ್ಟಿರಲಿಲ್ಲ ಎಂದು ಪೊಲೀಸ್ ಅಧಿಕಾರಿಗಳು ಹೇಳಿದರು. ಸಂಜೆಯೊಳಗೆ ಆ ಕೆಲವು ಸೆಕೆಂಡುಗಳ ವಿಡಿಯೊ ಲಂಡನ್ ಪತ್ರಿಕೆಗಳವರೆಗೂ ಮುಟ್ಟಿತು.

ನಕ್ಕವರು ಬಹಳ. ಕೋಟಿ ಜನ ದುಡ್ಡು ಕೊಟ್ಟು ಕೇಳುವವನು ಪುಕ್ಕಟೆ ಹಾಡಿದರೆ ವೈರು ಕೀಳುವ ಊರು ಇದೊಂದೇ ಎಂದರು. ಆ ಪೊಲೀಸರಿಗೆ ಅವನು ಯಾರೆಂದು ಗೊತ್ತಿರಲಿಲ್ಲ ಎಂಬುದೇ ದೊಡ್ಡ ತಮಾಷೆಯಾಯಿತು. ಗೊತ್ತಿದ್ದರೆ ಬಿಡಬೇಕಿತ್ತೆ? ಹೆಸರುವಾಸಿಗೆ ಒಂದು, ಹೆಸರಿಲ್ಲದವನಿಗೆ ಒಂದು ನಿಯಮ ಮಾಡದ ಅಪರೂಪದ ಗಳಿಗೆ ಅದು ಎಂದೂ ಹೇಳಬಹುದು. ಅದಾಗಿ ನಾಲ್ಕು ತಿಂಗಳಿಗೆ, ಜೂನ್ 4ರಂದು, ಚರ್ಚ್ ಸ್ಟ್ರೀಟಿನಿಂದ ನಡೆದು ಹೋಗುವಷ್ಟು ದೂರದ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಆರ್‌ಸಿಬಿ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಸುದ್ದಿ ಕೇಳಿ ಎಷ್ಟು ಬೇಗ ಎಷ್ಟು ಜನ ಸೇರುತ್ತಾರೆ ಎಂಬುದು ಈ ಊರಿನಲ್ಲಿ ಯಾರ ಅಂದಾಜಿಗೂ ಸಿಗದು. ಫೆಬ್ರವರಿಯ ಆ ವಿಡಿಯೊವನ್ನು ಜೂನಿನ ನಂತರ ನೋಡಿದವರಿಗೆ ಮೊದಲಿನಷ್ಟು ನಗು ಬಂದಿರಲಿಕ್ಕಿಲ್ಲ.

ಹಾಗೆಂದು ವೈರು ಕಿತ್ತದ್ದೇ ಪರಿಹಾರ ಎಂದೂ ಅಲ್ಲ. ಲಂಡನ್ನಿನ ಸುರಂಗ ರೈಲಿನಲ್ಲಿ 2003ರಿಂದ ಹಾಡುಗಾರರಿಗೆ ಪರವಾನಗಿ ಕೊಡುತ್ತಾರೆ. ಆಡಿಷನ್ ಮಾಡಿ, ನೆಲದ ಮೇಲೆ ಅರ್ಧವೃತ್ತ ಬರೆದು, ಇಂಥವರಿಗೆ ಇಷ್ಟು ಹೊತ್ತಿನಿಂದ ಇಷ್ಟು ಹೊತ್ತು ಎಂದು ಪಾಳಿ ಹಾಕುತ್ತಾರೆ. ಬೆಂಗಳೂರಿನಲ್ಲಿ ಗಿಟಾರು ಹೊತ್ತ ಹುಡುಗರಿಗೇನು ಬರ. ಅವರಿಗೆ ಅಂಥ ಒಂದು ಅರ್ಧವೃತ್ತ ಎಲ್ಲೂ ಇಲ್ಲ. ಕಿತ್ತುಹೋದ ವೈರಿನ ವಿಡಿಯೊ ಲಕ್ಷಾಂತರ ಜನ ನೋಡಿದ್ದು ಶೀರನ್‌ಗಾಗಿ. ಅದೇ ಜಾಗದಲ್ಲಿ ಅದೇ ರೀತಿ ಎಬ್ಬಿಸಿ ಕಳಿಸಿದ ಇನ್ನುಳಿದವರ ವಿಡಿಯೊ ಯಾರೂ ನೋಡುವುದಿಲ್ಲ.

ಆ ಭಾನುವಾರ ರಾತ್ರಿ ಮಾದಾವರದಲ್ಲಿ ಅತಿಥಿಯಾಗಿ ಬಂದವರು ಶಿಲ್ಪಾ ರಾವ್. ‘ದೇವರ’ ಚಿತ್ರಕ್ಕೆ ಅನಿರುದ್ಧ್ ಸಂಗೀತದಲ್ಲಿ ತಾವೇ ಹಾಡಿದ್ದ ‘ಚುಟ್ಟಮಲ್ಲೆ’ಯನ್ನು ಎತ್ತಿಕೊಂಡರು; ಶೀರನ್ ತೆಲುಗಿನಲ್ಲಿ ದನಿಗೂಡಿಸಿದ. ಉಚ್ಚಾರ ಚೆನ್ನಾಗಿಯೇ ಇತ್ತು, ಜನ ಕುಣಿದರು. ಆದರೆ ಚೆನ್ನೈಯಲ್ಲಿ ತಮಿಳು, ಮುಂಬೈಯಲ್ಲಿ ಪಂಜಾಬಿ ಎಂದವನಿಗೆ ಬೆಂಗಳೂರಿನಲ್ಲಿ ಕನ್ನಡ ಹೊಳೆಯಲಿಲ್ಲವೇ? ಇದನ್ನು ಅವನ ತಲೆಗೆ ಕಟ್ಟುವುದು ಅನ್ಯಾಯ. ಹೊರಗಿನಿಂದ ಬಂದವನಿಗೆ ಊರು ಹೇಗೆ ಕಾಣಿಸಬೇಕೆಂದು ತೀರ್ಮಾನಿಸುವವರು ಬೇರೆಯೇ ಇರುತ್ತಾರೆ. ಆ ಹೊತ್ತಿಗೆ ಇನ್‌ಸ್ಟಾಗ್ರಾಮಿನಲ್ಲಿ ಓಡುತ್ತಿದ್ದ ಹಾಡು ಯಾವುದೋ ಅದನ್ನೇ ಆಯ್ದಿರಬೇಕು. ವೇದಿಕೆಯಲ್ಲಿ ಕನ್ನಡದವರು ಇರಲೇ ಇಲ್ಲ ಎಂದೂ ಅಲ್ಲ. ಬೆಂಗಳೂರಿನ ಕಛೇರಿಗೆ ಆರಂಭದ ಗಾಯಕರಾಗಿದ್ದವರು ಸಂಜಿತ್ ಹೆಗ್ಡೆ. ಜನ ಇನ್ನೂ ಪಾರ್ಕಿಂಗ್ ಹುಡುಕುತ್ತ, ಕೈಪಟ್ಟಿ ಕಟ್ಟಿಸಿಕೊಳ್ಳುತ್ತ ಇರುವ ಹೊತ್ತಿನಲ್ಲಿ ಹಾಡುವುದು ಆರಂಭದ ಗಾಯಕರ ಹಣೆಬರಹ.

ಶಿಲ್ಲಾಂಗಿಗೆ ಊರಿನ ಹಾಡು, ಹೊರಗಿನ ಹಾಡು ಎಂಬ ಸಂಕೋಚಗಳಿಲ್ಲ. ಅಲ್ಲಿ ಗಿಟಾರು ಹಿಡಿದವನು ಪರದೇಶಿಯೇ ಅಲ್ಲ. ಲೂ ಮಜಾವ್ ಎಂಬ ಹಾಡುಗಾರ 1972ರಿಂದ ಪ್ರತಿವರ್ಷ ಮೇ 24ರಂದು ಬಾಬ್ ಡಿಲನ್ನನ ಹುಟ್ಟುಹಬ್ಬ ಮಾಡಿಕೊಂಡು ಬಂದ ಊರು ಅದು. ಡಿಲನ್ ಒಮ್ಮೆಯೂ ಅತ್ತ ಸುಳಿದವನಲ್ಲ, ಆದರೂ ಹಬ್ಬ ನಿಂತಿಲ್ಲ. ತಾನೇ ಬರೆದು ತಾನೇ ಹಾಡುವವರ ಬಗ್ಗೆ ಅಂಥ ನಿಷ್ಠೆ ಇರುವಲ್ಲಿಗೆ ಫೆಬ್ರವರಿ 12ರಂದು ನೆಹರೂ ಸ್ಟೇಡಿಯಮ್ಮಿಗೆ ಶೀರನ್ ಬಂದ. ಈಶಾನ್ಯದ ಹುಡುಗರಿಗೆ ಇಷ್ಟು ದಿನ ಇಂಥ ಕಛೇರಿ ಎಂದರೆ ಹೆಚ್ಚಾಗಿ ಗುವಾಹಟಿಯಿಂದ ವಿಮಾನ ಹಿಡಿದು ದೆಹಲಿ, ಮುಂಬೈ. ಈ ಸಲ ಗುವಾಹಟಿಯವರೇ ಬೆಟ್ಟ ಹತ್ತಿ ಶಿಲ್ಲಾಂಗಿಗೆ ಹೋದರು. ಇಡೀ ಭಾರತ ಯಾತ್ರೆಯಲ್ಲಿ ನಿಜಕ್ಕೂ ಯೋಚಿಸಿ ಇಟ್ಟ ಹೆಜ್ಜೆ ಎಂದರೆ ಇದೇ ಇರಬೇಕು. ಮೂರು ದಿನ ಬಿಟ್ಟು ಗುರುಗ್ರಾಮದ ಲೀಷರ್ ವ್ಯಾಲಿ ಮೈದಾನದಲ್ಲಿ ಕೊನೆಯದು. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ.

ಪ್ರವಾಸದ ನಡುವೆ ಅವನು ಹಾಡು ಕಟ್ಟುವುದನ್ನೂ ಬಿಟ್ಟಿರಲಿಲ್ಲ. ಪಶ್ಚಿಮ ಬಂಗಾಳದ ಮುರ್ಶಿದಾಬಾದ್ ಜಿಲ್ಲೆಯ ಜಿಯಾಗಂಜಿಗೆ ಅರಿಜಿತ್ ಸಿಂಗ್‌ರನ್ನು ಹುಡುಕಿಕೊಂಡು ಹೋದ. ಮುಂಬೈಯಲ್ಲಿ ಇರಬೇಕಾದಷ್ಟು ಹೆಸರಿದ್ದೂ ಹುಟ್ಟಿದ ಪೇಟೆಯಲ್ಲೇ ಉಳಿದಿರುವ ಗಾಯಕ ಅವರು. ಅವರ ಸ್ಕೂಟರಿನ ಹಿಂದೆ ಕೂತು ಶೀರನ್ ಊರು ಸುತ್ತಿದ. ಜೂನಿನಲ್ಲಿ ಬಂದ ‘ಸಫೈರ್’ ಹಾಡಿನಲ್ಲಿ ಅರಿಜಿತ್ ದನಿ ಇದೆ, ಪಂಜಾಬಿ ಸಾಲುಗಳಿವೆ. ವಿಡಿಯೊ ಚಿತ್ರೀಕರಿಸಿದ್ದು ಭಾರತದಲ್ಲೇ, ಶಾರುಖ್ ಖಾನ್ ಕೂಡ ಒಂದು ಗಳಿಗೆ ಬಂದು ಹೋಗುತ್ತಾರೆ.

ಇತ್ತ ಜುಲೈಯಲ್ಲಿ ಮತ್ತೆ ಇಪ್ಸ್‌ವಿಚ್, ಪೋರ್ಟ್‌ಮನ್ ರೋಡ್ ಫುಟ್‌ಬಾಲ್ ಮೈದಾನದಲ್ಲಿ ಮೂರು ರಾತ್ರಿ. ಅಲ್ಲಿನ ಕ್ಲಬ್ಬಿನ ಆಟಗಾರರ ಜೆರ್ಸಿಯ ಎದೆಯ ಮೇಲೆ 2021ರಿಂದ ಕೆಲವು ವರ್ಷ ಯಾವುದೇ ಬ್ಯಾಂಕು, ಬಿಯರಿನ ಹೆಸರಿರಲಿಲ್ಲ, ಅವನ ಪ್ರವಾಸದ ಐದು ಗಣಿತಚಿಹ್ನೆಗಳಿದ್ದವು. ಸೆಪ್ಟೆಂಬರ್ 7ರಂದು ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ ಗಣಿತ ಮುಗಿಯಿತು. ಐದು ದಿನಕ್ಕೆ ಹೊಸ ಆಲ್ಬಮ್ ‘ಪ್ಲೇ’ ಬಂತು, ಮುಂದಿನ ಪ್ರವಾಸಕ್ಕೆ ‘ಲೂಪ್’ ಎಂದು ಹೆಸರಿಟ್ಟದ್ದೂ ಆಯಿತು. 2015ರಿಂದ ನಾಲ್ಕು ಸಲ ಹಾಡಲು ಬಂದವನು ಇನ್ನೊಮ್ಮೆ ಬರದೆ ಇರುವುದಿಲ್ಲ. ಬಂದಾಗ ಬೆಂಗಳೂರಿನ ಆಯೋಜಕರು ಮಾಡಬೇಕಾದ್ದು ಇಷ್ಟೆ: ಚರ್ಚ್ ಸ್ಟ್ರೀಟಿನ ಅನುಮತಿ ಪತ್ರವನ್ನು ಮುಂಚೆಯೇ ಕೈಯಲ್ಲಿ ಹಿಡಿದುಕೊಳ್ಳಬೇಕು, ಮತ್ತು ಸಂಜಿತ್ ಹೆಗ್ಡೆಯವರನ್ನು ಕಛೇರಿಯ ಮೊದಲಿಗಲ್ಲ, ನಡುವೆ ಕರೆಯಬೇಕು.